ಐರಿಷ್ ಸಂಗೀತದಲ್ಲಿ ಮನೋಧರ್ಮಕ್ಕೆ ಜಾಗವಿದೆಯೇ?

ಐರಿಷ್ ಸಾಂಪ್ರದಾಯಿಕ ಸಂಗೀತ ನುಡಿಸುವ ‘ದಿ ಗ್ಲೋಮಿಂಗ್’ ತಂಡದ ಧ್ವನಿಮುದ್ರಿಕೆ ಕೇಳಿದವರೆಲ್ಲ ಕೇಳುವ ಪ್ರಶ್ನೆ ಇದು: ಇದರಲ್ಲಿ ಕಲಿತು ಬಂದದ್ದೆಷ್ಟು, ವೇದಿಕೆಯ ಮೇಲೆ ಹುಟ್ಟಿದ್ದೆಷ್ಟು? ರಾಗಾಲಾಪನೆ ಕೇಳಿದ ಕಿವಿಗೆ ಈ ಅನುಮಾನ ಬಂದೇ ಬರುತ್ತದೆ.

ಜಾಗವಿದೆ, ಆದರೆ ಮಟ್ಟಿನ ಒಳಗೆ ಕಡಿಮೆ, ಮಟ್ಟುಗಳ ನಡುವೆ ಹೆಚ್ಚು.

ರೀಲ್ ಆಗಲಿ ಜಿಗ್ ಆಗಲಿ (ಎರಡೂ ಕುಣಿತದ ಮಟ್ಟುಗಳು), ಸಾಮಾನ್ಯವಾಗಿ ತಾಳದ ಆವರ್ತದಂಥ ಎಂಟೆಂಟು ಬಾರ್‌ಗಳ ಎರಡು ಭಾಗ. ಒಂದೊಂದನ್ನೂ ಎರಡು ಸಲ ನುಡಿಸಿದರೆ 32 ಬಾರ್‌ಗಳ ಒಂದು ಸುತ್ತು. ಎರಡು ಮೂರು ಸುತ್ತಾದ ಮೇಲೆ ನಿಲ್ಲಿಸದೆ ಮುಂದಿನ ಮಟ್ಟಿಗೆ ಹೋಗುವುದು ವಾಡಿಕೆ. ಈ ಸುತ್ತಿನಲ್ಲಿ ಸುಮ್ಮನೆ ಎಳೆದ ಸ್ವರವನ್ನು ಮುಂದಿನ ಸುತ್ತಿನಲ್ಲಿ ‘ರೋಲ್’ ಮಾಡಬಹುದು, ಅಂದರೆ ಮೇಲಿನ ಸ್ವರವನ್ನೂ ಕೆಳಗಿನದನ್ನೂ ಚಕ್ಕನೆ ಮುಟ್ಟಿ ಬರಬಹುದು. ಇದು ಹಳೆಯ ಫಿಡಲ್ ವಾದಕರಿಗೂ ಇದ್ದ ಸ್ವಾತಂತ್ರ್ಯ. ಕುಣಿಯುವವರಿಗೆ ಮಟ್ಟಿನ ಗುರುತು ತಪ್ಪಬಾರದು, ಅಷ್ಟೆ.

ಗ್ಲೋಮಿಂಗ್ ಈ ಕಟ್ಟನ್ನು ಸಡಿಲಿಸಿತು. 2014ರ ಮೊದಲ ಆಲ್ಬಂನಲ್ಲಿ 16 ನಿಮಿಷ ದಾಟುವ ಒಂದು ಸರಣಿಯಿದೆ. ನಿಧಾನಕ್ಕೆ ಶುರುವಾಗಿ ವೇಗದ ರೀಲ್‌ಗಳಿಗೆ ಏರುತ್ತದೆ. ಮಾರ್ಟಿನ್ ಹೇಯ್ಸ್ ಅವರ ಐರ್ಲೆಂಡಿನ ಕ್ಲೇರ್ ಕೌಂಟಿಯ ಪೂರ್ವ ಭಾಗದ ಶೈಲಿಯ ಫಿಡಲ್ ಮಟ್ಟನ್ನು ಹಿಡಿದಿರುತ್ತದೆ, ಥಾಮಸ್ ಬಾರ್ಟ್ಲೆಟ್ ಅವರ ಪಿಯಾನೊ ಅದರ ಸುತ್ತ ಅಲೆಯುತ್ತದೆ. ಡೆನಿಸ್ ಕಾಹಿಲ್ ಅವರ ಗಿಟಾರ್ ಎಷ್ಟು ಮಿತವೆಂದರೆ, ಅದರ ಬೆಲೆ ತಿಳಿಯಲು ಎರಡನೇ ಸಲ ಕೇಳಬೇಕು.

ಇಂಥ ತಂಡ ಕಟ್ಟುವವರು ಎಡವುವುದು ಸ್ವರಮೇಳದಲ್ಲಿ. ಡಿ ಸ್ವರವನ್ನು ಷಡ್ಜವೆನ್ನಿ. ಎಷ್ಟೋ ಮಟ್ಟುಗಳ ನಿಷಾದ ಕೈಶಿಕಿಯೂ (ತಗ್ಗಿನದು) ಅಲ್ಲ, ಕಾಕಲಿಯೂ (ಎತ್ತರದ್ದು) ಅಲ್ಲ, ನಡುವೆ ಓಲಾಡುತ್ತದೆ. ಪಿಯಾನೊದಲ್ಲಿ ತುಂಬು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಒತ್ತಿದಿರೋ, ಎರಡರಲ್ಲಿ ಒಂದನ್ನು ಆರಿಸಿದಂತಾಯಿತು. ಫಿಡಲ್ ಅಪಸ್ವರದಂತೆ ಕೇಳುತ್ತದೆ. ಅದಕ್ಕೇ ಅನೇಕ ಗಿಟಾರ್ ವಾದಕರು ತಂತಿಗಳನ್ನು ಡಿ-ಎ-ಡಿ-ಜಿ-ಎ-ಡಿ ಎಂದು ಶ್ರುತಿ ಮಾಡುತ್ತಾರೆ. ನಮ್ಮ ಲೆಕ್ಕದಲ್ಲಿ ಸ-ಪ-ಸ-ಮ-ಪ-ಸ: ಖಾಲಿ ತಂತಿಗಳಲ್ಲಿ ಗಾಂಧಾರವೂ ಇಲ್ಲ, ನಿಷಾದವೂ ಇಲ್ಲ.

ಜಾಝ್ ರೀತಿಯ ಸೋಲೊ ಕೂಡ ಇಲ್ಲಿ ಸುಲಭಕ್ಕೆ ಕೂರುವುದಿಲ್ಲ. ಮಟ್ಟಿಗೆ ಅದರದ್ದೇ ಆದ ಕಾರ್ಡ್ ಚಕ್ರವಿಲ್ಲ; ಜೊತೆಗಾರ ಸುತ್ತಿಗೊಂದರಂತೆ ಬದಲಿಸಿದರೆ ಸೋಲೊ ನುಡಿಸುವವರಿಗೆ ನೆಲೆ ಸಿಗದು. ಎರಡು ಮಟ್ಟುಗಳ ನಡುವೆ ಷಡ್ಜ-ಪಂಚಮದ ಶ್ರುತಿಯನ್ನಷ್ಟೇ ಉಳಿಸಿ, ಮುಗಿದ ಮಟ್ಟಿನ ಎರಡು ಬಾರ್‌ಗಳ ತುಣುಕೊಂದನ್ನು ಹಿಡಿದು ಬೆಳೆಸುವುದು ವಾಸಿ. ಅಷ್ಟು ಹೊತ್ತು ಬೌರಾನ್ ಎಂಬ ಐರಿಷ್ ಚರ್ಮವಾದ್ಯ ಸುಮ್ಮನಿರಲಿ, ಇಲ್ಲವಾದರೆ ಲಯ ಬಿಗಿದುಕೊಳ್ಳುತ್ತದೆ. ಮತ್ತೆ ಮಟ್ಟಿಗೆ ಇಳಿಯುವ ಸನ್ನೆ ಒಬ್ಬರದೇ ಆಗಿರಲಿ. ಮಟ್ಟಿನಿಂದ ಮಟ್ಟಿಗೆ ನೇರ ಹೋಗುವುದಾದರೆ ಆ ಸನ್ನೆ ಕೊನೆಯ ಸುತ್ತಿನ ಕೊನೆಯ ಎರಡು ಬಾರ್‌ಗಳಿಗೆ ಮೊದಲೇ ಬರಬೇಕು. ತಡವಾದರೆ ಅರ್ಧ ತಂಡ ಹಳೆಯ ಮಟ್ಟನ್ನೇ ಮತ್ತೆ ಎತ್ತಿಕೊಂಡಿರುತ್ತದೆ.