ಬಿಲ್ಲೆ ಕಪ್ಪಗಿದೆ, ಆದರೂ ತೇಲಲ್ಲ: ವೈಬಿಸಿಓ ಜೊತೆ ಒಂದು ಜಗಳ

ತೇಲಿತು! ನಿಯೋಡಿಮಿಯಂ ಅಯಸ್ಕಾಂತ ವೈಬಿಸಿಓ ಬಿಲ್ಲೆಯ ಮೇಲೆ ಗಾಳಿಯಲ್ಲಿ ನಿಂತಿದೆ. ವೈಬಿಸಿಓ ಅಂದರೆ ಯಿಟ್ರಿಯಂ, ಬೇರಿಯಂ, ತಾಮ್ರ, ಆಕ್ಸಿಜನ್ ಸೇರಿದ ಸೂಪರ್‌ಕಂಡಕ್ಟರ್. ಸಾಕಷ್ಟು ತಣ್ಣಗಾದರೆ ಕರೆಂಟಿಗೆ ಅಡ್ಡಿ ಮಾಡಲ್ಲ, ಅಯಸ್ಕಾಂತವನ್ನು ಮೇಲೆತ್ತುತ್ತೆ. ಬೆರಳಲ್ಲಿ ತಟ್ಟಿದರೆ ಗಿರಗಿರ ತಿರುಗುತ್ತೆ. ಮೆಟೀರಿಯಲ್ಸ್ ಸೈನ್ಸ್ ಕೋರ್ಸಿನಲ್ಲಿ ಫೇಸ್ ಡಯಾಗ್ರಂ (ಯಾವ ತಾಪದಲ್ಲಿ ವಸ್ತು ಯಾವ ರೂಪದಲ್ಲಿರುತ್ತೆ ಅಂತ ತೋರಿಸುವ ನಕ್ಷೆ) ಪಾಠ ಬಂದಾಗಲೆಲ್ಲ ಆಕಳಿಸಿದ ನಾನು, ಈಗ ಅದೇ ಡಯಾಗ್ರಂ ಪ್ರಿಂಟ್ ತೆಗೆದು ಕುಲುಮೆಯ ಪಕ್ಕ ಅಂಟಿಸಿಕೊಂಡಿದ್ದೇನೆ.

ತೂಗುವುದು, ಅರೆಯುವುದು, ಸುಡುವುದು, ಮತ್ತೆ ಅರೆಯುವುದು ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬರೆಯಲ್ಲ. 10 ಗ್ರಾಂ ವೈಬಿಸಿಓಗೆ ಯಿಟ್ರಿಯಂ ಆಕ್ಸೈಡ್ 1.695 ಗ್ರಾಂ, ಬೇರಿಯಂ ಕಾರ್ಬೊನೇಟ್ 5.924, ಕಾಪರ್ ಆಕ್ಸೈಡ್ 3.582. ಲೆಕ್ಕ ಮಾಡೋಕೆ ಬೇಜಾರಾದವರು ಇದನ್ನೇ ಬರೆದುಕೊಳ್ಳಿ. ಬೇರಿಯಂ ಕಾರ್ಬೊನೇಟ್ ವಿಷ, ಮಾಸ್ಕ್ ಇಲ್ಲದೆ ಅರೆಯಬೇಡಿ. ಸರಬರಾಜುದಾರರ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ಡಬ್ಬಿಯ ಮೇಲೆ ‘99.9 ಶುದ್ಧ’ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಮುಚ್ಚಳ ತೆಗೆದರೆ ಒಳಗೆ ಹೆಂಟೆಹೆಂಟೆ. ತೇವ ಕುಡಿದ ಯಿಟ್ರಿಯಂ ಆಕ್ಸೈಡ್ ತೂಗಿದರೆ ಯಿಟ್ರಿಯಂ ಜೊತೆ ನೀರನ್ನೂ ತೂಗಿದ ಹಾಗೆ. ಅದಕ್ಕೇ ಮೊದಲು 900 ಡಿಗ್ರಿಯಲ್ಲಿ ಒಣಗಿಸಿಯೇ ತಕ್ಕಡಿಗೆ ಹಾಕುತ್ತೇನೆ. ಆಕ್ಸಿಜನ್ ಸಿಲಿಂಡರ್‌ನವರು ‘ನಾಳೆ ಕಳಿಸ್ತೀವಿ’ ಅನ್ನುತ್ತಾರೆ. ಯಾವ ನಾಳೆ ಅಂತ ಮಾತ್ರ ಹೇಳಲ್ಲ.

ಈಗ ಅಸಲಿ ತಲೆನೋವಿಗೆ ಬರೋಣ. ಬಿಲ್ಲೆ ನೋಡೋಕೆ ಚೆನ್ನಾಗಿತ್ತು. ಒಳ್ಳೇ ಕಪ್ಪು, ಗಟ್ಟಿ, ತಟ್ಟಿದರೆ ಟಣ್ ಅನ್ನುವ ಸದ್ದು. ಹಸಿರು 211 (ಯಿಟ್ರಿಯಂ, ಬೇರಿಯಂ, ತಾಮ್ರ 2:1:1 ಇರುವ, ನಮಗೆ ಬೇಡದ ವಸ್ತು) ಎಲ್ಲೂ ಕಾಣಲಿಲ್ಲ. ಎಕ್ಸ್-ರೇ ನೋಡಿದರೂ 123 (1:2:3, ಅಂದರೆ ವೈಬಿಸಿಓನೇ) ಬಿಟ್ಟು ಬೇರೆ ಏನೂ ಇಲ್ಲ. ಆದರೆ ಲಿಕ್ವಿಡ್ ನೈಟ್ರೋಜನ್ ಸುರಿದರೆ ಅಯಸ್ಕಾಂತ ಒಂದು ಮಗ್ಗುಲು ಸ್ವಲ್ಪ ಎತ್ತಿ, ಸೋಮಾರಿಯ ಹಾಗೆ ಮತ್ತೆ ಮಲಗುತ್ತಿತ್ತು. ತಮಾಷೆ ಅಂದರೆ, 1987ರಲ್ಲಿ ಮಾವ್-ಕ್ವೆನ್ ವು ಮತ್ತು ಪಾಲ್ ಚು ತಂಡದವರು 93 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟಿವಿಟಿ ಕಂಡಿದ್ದು ಹಸಿರು-ಕಪ್ಪು ಕಲಬೆರಕೆ ಸ್ಯಾಂಪಲ್‌ನಲ್ಲಿ. ಅವರ ಕಲಬೆರಕೆ ಕೆಲಸ ಮಾಡಿತು, ನನ್ನ ಶುದ್ಧ ಬಿಲ್ಲೆ ಮಾಡಲ್ಲ!

ಅನುಮಾನ ಆಕ್ಸಿಜನ್ ಮೇಲೆ ಬಿತ್ತು. ಸೂತ್ರದಲ್ಲಿ ಆಕ್ಸಿಜನ್ ಸಂಖ್ಯೆ 7ರ ಹತ್ತಿರ (ಓ7) ಇದ್ದರೆ ವೈಬಿಸಿಓ ಸುಮಾರು 92 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್. ಓ6 ಆದರೆ ಇನ್ಸುಲೇಟರ್. ನಡುವೆ ಓ6.6 ಆಸುಪಾಸು ಒಂದು ಕಳ್ಳ ಜಾಗ ಇದೆ. ಅಲ್ಲಿ ಟಿಸಿ, ಅಂದರೆ ಸೂಪರ್‌ಕಂಡಕ್ಟರ್ ಆಗುವ ತಾಪ, ಹತ್ತಿರಹತ್ತಿರ 60 ಕೆಲ್ವಿನ್. ಅಂದರೆ ಬಿಲ್ಲೆ ನಿಜವಾಗಿಯೂ ಸೂಪರ್‌ಕಂಡಕ್ಟರ್ ಆಗಿರಬಹುದು. ಆದರೆ ನೈಟ್ರೋಜನ್ ಇಳಿಯುವುದು 77ರವರೆಗೆ ಅಷ್ಟೇ. ನಮಗೆ ಅದು ಸತ್ತ ಬಿಲ್ಲೆ.

ಇಲ್ಲಿನ ಪೇಚು ನೋಡಿ. ಸುಡುವ 930-950 ಡಿಗ್ರಿಯಲ್ಲಿ ವಸ್ತು ಟೆಟ್ರಾಗೋನಲ್ (ಹರಳಿನ ತಳ ಚೌಕ), ಆಕ್ಸಿಜನ್ ಕಡಿಮೆ. ತಣ್ಣಗಾಗುತ್ತಾ ಬಂದ ಹಾಗೆ ಆಕ್ಸಿಜನ್ ಒಳಗೆ ಹೋಗಿ, ತಾಮ್ರ-ಆಕ್ಸಿಜನ್ ಸರಪಳಿಗಳು ತುಂಬಿ, ಆರ್ಥೋರಾಂಬಿಕ್ (ತಳ ಆಯತ) ಆಗಬೇಕು. ಸರಪಳಿ ತುಂಬಿದರೆ ತಾನೇ ತಾಮ್ರ-ಆಕ್ಸಿಜನ್ ಪದರಗಳಿಗೆ ಕರೆಂಟ್ ಒಯ್ಯುವ ಹೋಲ್‌ಗಳು (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು) ಸಿಗುವುದು. ತಾಪ ಇಳಿದಷ್ಟೂ ಅದು ಹಿಡಿಸಿಕೊಳ್ಳಬಲ್ಲ ಆಕ್ಸಿಜನ್ ಜಾಸ್ತಿ. ಆದರೆ ತಾಪ ಇಳಿದಷ್ಟೂ ಆಕ್ಸಿಜನ್ ನಡೆಯುವುದು ನಿಧಾನ. ಬಿಸಿ ಇದ್ದಾಗ ಬಾಗಿಲು ತೆಗೆದಿದೆ, ಒಳಗೆ ಜಾಗ ಇಲ್ಲ. ತಣ್ಣಗಾದಾಗ ಜಾಗ ಇದೆ, ಬಾಗಿಲು ಮುಚ್ಚಿದೆ. ಪುಸ್ತಕದಲ್ಲಿ ಥರ್ಮೋಡೈನಮಿಕ್ಸ್ (ಎಷ್ಟು ಹಿಡಿಸುತ್ತೆ) ಒಂದು ಅಧ್ಯಾಯ, ಕೈನೆಟಿಕ್ಸ್ (ಎಷ್ಟು ಬೇಗ ಹೋಗುತ್ತೆ) ಇನ್ನೊಂದು. ಕುಲುಮೆಯೊಳಗೆ ಎರಡೂ ಒಟ್ಟಿಗೇ ಕುತ್ತಿಗೆ ಹಿಡಿಯುತ್ತವೆ.

‘ನಿಮಿಷಕ್ಕೆ ಒಂದು ಡಿಗ್ರಿಯಂತೆ ಇಳಿಸಿ’ ಅಂತ ಎಲ್ಲರೂ ಹೇಳುತ್ತಾರೆ. ಇಳಿಸಿದ್ದಾಯಿತು. ಆಕ್ಸಿಜನ್ ಹರಿವು ಏರಿಸಿದ್ದಾಯಿತು. ತಾಪ ಅಳೆಯುವ ಥರ್ಮೋಕಪಲ್ ಬದಲಾಯಿಸಿದ್ದಾಯಿತು. ಮೂಸೆಯ ಅಲ್ಯುಮಿನಾ ಸೇರಿಕೊಳ್ಳುತ್ತಿದೆಯೇನೋ ಅಂತ ಬಿಲ್ಲೆಯ ಕೆಳಗೆ ಅದೇ ಪುಡಿಯನ್ನು ಹಾಸಿದ್ದೂ ಆಯಿತು. ಸೋಮಾರಿ ಅಯಸ್ಕಾಂತ ಜಪ್ಪಯ್ಯ ಅನ್ನಲಿಲ್ಲ.

ದಾರಿ ತೋರಿಸಿದ್ದು ತಕ್ಕಡಿ. ಓ6.3ರಿಂದ ಓ6.9ಕ್ಕೆ ಹೋದರೆ ತೂಕ ಸುಮಾರು 1.5 ಶೇಕಡಾ ಏರಬೇಕು. 5 ಗ್ರಾಂ ಬಿಲ್ಲೆಗೆ 70 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ. ಮಿಲಿಗ್ರಾಂ ತಕ್ಕಡಿಗೆ ಇದು ಆಟದ ಲೆಕ್ಕ. ಸುಟ್ಟ ಬಿಲ್ಲೆಯನ್ನು ಬೇಗ ತಣ್ಣಗೆ ಮಾಡಿ ತೂಗಿದೆ. ಆಮೇಲೆ ಆಕ್ಸಿಜನ್‌ನಲ್ಲಿ ಅನೀಲ್ ಮಾಡಿ (ಹದವಾದ ಬಿಸಿಯಲ್ಲಿ ಬಹಳ ಹೊತ್ತು ಇಟ್ಟು) ಮತ್ತೆ ತೂಗಿದೆ. ಏರಿದ್ದು ಬೇಕಾದದ್ದರ ಅರ್ಧದಷ್ಟು ಮಾತ್ರ. ಆಕ್ಸಿಜನ್ ಅಳೆಯೋಕೆ ಟೈಟ್ರೇಷನ್‌ನಂಥ ರಾಸಾಯನಿಕ ಪರೀಕ್ಷೆ ಎಲ್ಲ ಬೇಡ, ಮೊದಲು ಇದನ್ನು ಮಾಡಿ ನೋಡಿ. ತೇವ ಕುಡಿಯುವ ಮುಂಚೆ ತೂಗಬೇಕು, ಅಷ್ಟೇ.

ಆಮೇಲೆ ಮನಸ್ಸು ಗಟ್ಟಿ ಮಾಡಿ ಆ ಚಂದದ ಬಿಲ್ಲೆಯನ್ನು ಒಡೆದೆ. ಅಂಚಿನ ಪುಡಿ ಬೇರೆ, ನಡುವಿನ ಪುಡಿ ಬೇರೆ ಮಾಡಿ ಎಕ್ಸ್-ರೇಗೆ ಕೊಟ್ಟೆ. ಅಂಚಿನಲ್ಲಿ ಸಿ-ಅಕ್ಷದ (ಹರಳಿನ ಉದ್ದನೆಯ ದಿಕ್ಕಿನ) ಅಳತೆ 11.7 ಆಂಗ್‌ಸ್ಟ್ರಾಂಗಿಂತ ಕೆಳಗೆ, ಒಳ್ಳೇ ಆರ್ಥೋರಾಂಬಿಕ್. ನಡುವಿನಲ್ಲಿ 11.8, ಪಕ್ಕಾ ಟೆಟ್ರಾಗೋನಲ್. ಬಿಲ್ಲೆಗೆ ಸೂಪರ್‌ಕಂಡಕ್ಟರ್ ಸಿಪ್ಪೆ, ಒಳಗೆ ಆಕ್ಸಿಜನ್ ಕಾಣದ ತಿರುಳು! ಗಟ್ಟಿತನವೇ ವಿಲನ್. ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 5.9 ಗ್ರಾಂ ದಾಟಿದಾಗ ರಂಧ್ರಗಳು ಒಂದಕ್ಕೊಂದು ಸೇರುವುದು ನಿಲ್ಲುತ್ತದೆ. ಆಕ್ಸಿಜನ್ ಅನಿಲವಾಗಿ ಒಳಗೆ ನುಗ್ಗೋಕೆ ದಾರಿ ಇರಲ್ಲ. ಹರಳಿನೊಳಗೆ ಡಿಫ್ಯೂಷನ್ ಆಗಿಯೇ, ಅಂದರೆ ಅಣು ಅಣುವಾಗಿ ನುಸುಳಿಯೇ ಹೋಗಬೇಕು. ಅದೂ ಸಿ-ಅಕ್ಷದ ದಿಕ್ಕಿನಲ್ಲಿ ಭಾರಿ ನಿಧಾನ. ‘ನಿಮಿಷಕ್ಕೆ ಒಂದು ಡಿಗ್ರಿ’ ಸೂತ್ರ ಸುಳ್ಳಲ್ಲ. ಅದು ರಂಧ್ರ ಜಾಸ್ತಿ ಇರುವ ಬಿಲ್ಲೆಗೆ ಬರೆದ ಸೂತ್ರ.

ಹಾಗಾಗಿ ಈ ಸಲ ಪುಡಿಯನ್ನು ಬಿಲ್ಲೆಯಾಗಿ ಒತ್ತುವ ಒತ್ತಡ ಇಳಿಸಿದೆ. 950ರ ಬದಲು 930ರಲ್ಲಿ ಸುಟ್ಟೆ. ಸಾಂದ್ರತೆ 5.2ರ ಆಸುಪಾಸಿನಲ್ಲಿ ನಿಂತಿತು. ಒಂದೇ ಇಳಿಜಾರಿನ ಬದಲು 600, 500, 450, 420ರಲ್ಲಿ ಮೆಟ್ಟಿಲು ಮಾಡಿ ನಿಲ್ಲಿಸಿದೆ. ಕೆಳಗಿನ ಮೆಟ್ಟಿಲಲ್ಲಿ ಜಾಸ್ತಿ ಹೊತ್ತು, ಒಂದಿಡೀ ರಾತ್ರಿ. ಬಿಲ್ಲೆ ಈಗ ನೋಡೋಕೆ ಸುಮಾರು. ತಟ್ಟಿದರೆ ಟಣ್ ಅನ್ನಲ್ಲ, ಟಪ್ ಅನ್ನುತ್ತೆ. ಆದರೆ ತೂಕ ಲೆಕ್ಕಕ್ಕೆ ಸರಿಯಾಗಿ ಏರಿತು, ಅಯಸ್ಕಾಂತವೂ ಏರಿತು.

ಅಂದ ಹಾಗೆ, ಅಯಸ್ಕಾಂತ ಒಂದು ಮಗ್ಗುಲು ಎತ್ತಿದ್ದನ್ನು ವಿಡಿಯೋ ಮಾಡಿ ಜಗತ್ತಿಗೆ ಸಾರಬೇಡಿ. 2023ರಲ್ಲಿ, ಕೋಣೆಯ ತಾಪದಲ್ಲೇ ಸೂಪರ್‌ಕಂಡಕ್ಟರ್ ಅಂತ ಸುದ್ದಿಯಾದ ಎಲ್‌ಕೆ-99 ಎಂಬ ವಸ್ತುವಿನ ಗಲಾಟೆ ನೆನಪಿದೆಯಲ್ವಾ? ರೆಸಿಸ್ಟೆನ್ಸ್ ಧಡಕ್ಕನೆ ಬಿದ್ದದ್ದಕ್ಕೆ ಕಾರಣ ಅದರಲ್ಲಿ ಸೇರಿದ್ದ ಕಾಪರ್ ಸಲ್ಫೈಡ್ ಅಂತ ಆಮೇಲೆ ಗೊತ್ತಾಯಿತು.

ಗಟ್ಟಿ ಬಿಲ್ಲೆಯ ಆಸೆ ಮಾತ್ರ ಹೋಗಿಲ್ಲ. ಮುಂದಿನದು ಮೆಲ್ಟ್-ಟೆಕ್ಸ್ಚರ್, ಅಂದರೆ ಕರಗಿಸಿ ಹರಳು ಬೆಳೆಸುವ ದಾರಿ. 1010 ಡಿಗ್ರಿ ಆಸುಪಾಸಿನಲ್ಲಿ 123 ಕರಗಿ 211 ಮತ್ತು ದ್ರವ ಆಗುತ್ತಲ್ಲ, ಅದನ್ನೇ ಬೇಕಂತಲೇ ಮಾಡಿ, ಮೇಲೆ ಸಮೇರಿಯಂ 123ರ (ಯಿಟ್ರಿಯಂ ಜಾಗದಲ್ಲಿ ಸಮೇರಿಯಂ ಇರುವ 123ರ) ಬೀಜದ ಹರಳು ಇಟ್ಟು, ಇಡೀ ಬಿಲ್ಲೆಯನ್ನು ಒಂದೇ ಹರಳಿನಂತೆ ಬೆಳೆಸುವುದು. ಬೀಜ ಇನ್ನೂ ಜಾಸ್ತಿ ಬಿಸಿಯಲ್ಲಿ ಕರಗುವುದರಿಂದ ಅದು ಉಳಿಯುತ್ತೆ. ಮಜಾ ಏನೆಂದರೆ, ಇಷ್ಟು ದಿನ ಬೈದು ಓಡಿಸಿದ ಹಸಿರು 211 ಅಲ್ಲಿ ಬೇಕೇ ಬೇಕು. ಸಣ್ಣ ಸಣ್ಣ 211 ಕಣಗಳು ಕಾಂತಕ್ಷೇತ್ರದ ಎಳೆಗಳನ್ನು ಜಾಗ ಬಿಡದಂತೆ ಹಿಡಿದಿಡುತ್ತವೆ. ಯಿಟ್ರಿಯಂ ಬದಲು ಗ್ಯಾಡೊಲಿನಿಯಂ ಹಾಕಿ ಇದೇ ಜಾತಿಯ ಬಿಲ್ಲೆ ಮಾಡಿ, 2014ರಲ್ಲಿ ಕೇಂಬ್ರಿಡ್ಜ್‌ನವರು 26 ಕೆಲ್ವಿನ್‌ನಲ್ಲಿ 17.6 ಟೆಸ್ಲಾ ಕಾಂತಕ್ಷೇತ್ರ ಹಿಡಿದಿಟ್ಟರು. ನನಗೆ 77ರಲ್ಲಿ ಅರ್ಧ ಟೆಸ್ಲಾ ಸಿಕ್ಕರೂ ಸಾಕು.

ಆಕ್ಸಿಜನ್ ಜಗಳ ಅಲ್ಲೂ ಇದೆ, ಇನ್ನೂ ಕೆಟ್ಟದಾಗಿ. ಅಂಥ ಬಿಲ್ಲೆಗೆ ಅನೀಲ್ ಅಂದರೆ ದಿನಗಟ್ಟಲೆ. ಟೆಟ್ರಾಗೋನಲ್‌ನಿಂದ ಆರ್ಥೋರಾಂಬಿಕ್ ಆಗುವಾಗ ಕುಗ್ಗಿ ಬಿರುಕು ಬೇರೆ ಬಿಡುತ್ತೆ. ಸ್ವಲ್ಪ ಬೆಳ್ಳಿ ಸೇರಿಸಿದರೆ ಬಿರುಕು ಕಡಿಮೆ. ಆದರೆ ಬೆಳ್ಳಿ ಕರಗುವ ತಾಪವನ್ನೂ ಇಳಿಸುತ್ತೆ, ಹಾಗಾಗಿ ತಾಪದ ಲೆಕ್ಕ ಎಲ್ಲ ಹೊಸದಾಗಿ ಹಾಕಬೇಕು. ಸಮೇರಿಯಂ ಆಕ್ಸೈಡ್ ಆರ್ಡರ್ ಹಾಕಿದ್ದೇನೆ. ‘ಎರಡೇ ವಾರ’ ಅಂದಿದ್ದಾರೆ. ಅಷ್ಟರಲ್ಲಿ ಕುಲುಮೆಗೆ ಹೊಸ ಹೀಟಿಂಗ್ ಎಲಿಮೆಂಟ್ ಹಾಕಿ ಮುಗಿಸಬಹುದು. ಬೇಕಾದರೆ ಹೊಸ ಕುಲುಮೆಯನ್ನೇ ಕಟ್ಟಬಹುದು.