ಇಬ್ಬರೂ ಐದೇ ಕೊಟ್ಟಿದ್ದೆವು

ನಾನು ಇಂಗ್ಲಿಷ್ ಸ್ಪೀಕಿಂಗ್ ಟೆಸ್ಟ್ ಮಾಡುವ ಎಕ್ಸಾಮಿನರ್. ಕೊಟ್ಟ ಅಂಕಗಳನ್ನು ಸಂಜೆಗೇ ಮರೆತುಬಿಡುತ್ತೇನೆ. ಒಂದನ್ನು ಮಾತ್ರ ಮರೆಯಲು ಆಗಿಲ್ಲ.

ಅವತ್ತು ಏಳನೆಯವರಾಗಿ ಒಳಗೆ ಬಂದವರು ಒಬ್ಬ ನರ್ಸ್. ಬೇರೆ ದೇಶದಲ್ಲಿ ಕೆಲಸ ಸಿಕ್ಕಿತ್ತು, ಅಲ್ಲಿನ ನೋಂದಣಿಗೆ ನಮ್ಮ ಸ್ಕೋರ್ ಬೇಕಿತ್ತು. ಪಾರ್ಟ್ ಒನ್ ನಿಧಾನವಾಗಿ ಸಾಗಿತು. ಪಾರ್ಟ್ ಟೂದಲ್ಲಿ ಬಂದ ಕಾರ್ಡ್: ನಿಮಗೆ ಏನನ್ನಾದರೂ ಕಲಿಸಿದ ವ್ಯಕ್ತಿಯ ಬಗ್ಗೆ ಮಾತಾಡಿ. ತಯಾರಿಗೆ ಒಂದು ನಿಮಿಷ, ಮಾತಿಗೆ ಎರಡು. ಆ ಒಂದು ನಿಮಿಷದಲ್ಲಿ ಅವರು ಅರ್ಧ ಹಾಳೆ ಬರೆದುಕೊಂಡರು. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ.

ಎರಡು ವಾಕ್ಯ ಹೇಳಿ ನಿಂತುಬಿಟ್ಟರು. ಬಾಯಿ ಅರ್ಧ ತೆರೆದಿತ್ತು, ಕಣ್ಣು ಪಕ್ಕಕ್ಕೆ ಸರಿದಿತ್ತು. ನಾಲ್ಕು ಸೆಕೆಂಡ್. ಐದು. ಆರು. ಟ್ಯಾಬ್ಲೆಟ್‌ನಲ್ಲಿ ಟೈಮರ್ ಓಡುತ್ತಲೇ ಇತ್ತು. ಪ್ರಶ್ನೆಯನ್ನು ಒಂದು ಸಲ ಮತ್ತೆ ಹೇಳಲು ಸ್ಕ್ರಿಪ್ಟ್‌ನಲ್ಲಿ ಅವಕಾಶ ಇದೆ. ಪಾಪ, ಅರ್ಥವಾಗಿಲ್ಲ ಅಂದುಕೊಂಡು ನಾನು ಮತ್ತೆ ಹೇಳಿದೆ. ಅವರು ತಲೆಯಾಡಿಸಿದರು. ಮೊದಲಿನಿಂದ ಶುರು ಮಾಡಿದರು. ಅದೇ ಜಾಗಕ್ಕೆ ಬಂದು ಮತ್ತೆ ಸಿಕ್ಕಿಕೊಂಡರು. ಈ ಸಲ ಇನ್ನೂ ಜಾಸ್ತಿ ಹೊತ್ತು. ಕೊನೆಗೆ 'ಗ್ರ್ಯಾಂಡ್‌ಮದರ್' ಅನ್ನುವ ಬದಲು 'ನನ್ನ ತಾಯಿಯ ತಾಯಿ' ಅಂತ ಇಂಗ್ಲಿಷಿನಲ್ಲಿ ಸುತ್ತಿ ಹೇಳಿ ಮುಂದೆ ಹೋದರು. ಇಷ್ಟು ಸಾಮಾನ್ಯ ಪದವೂ ಗೊತ್ತಿಲ್ಲ ಅಂತ ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಫ್ಲುಯೆನ್ಸಿಗೆ, ಅಂದರೆ ಮಾತಿನ ಸರಾಗಕ್ಕೆ ಐದು, ವೊಕ್ಯಾಬುಲರಿಗೂ, ಅಂದರೆ ಪದಸಂಪತ್ತಿಗೂ ಐದು. ಅವರಿಗೆ ಬೇಕಿದ್ದ ಸ್ಕೋರಿಗೆ ಅದು ಸಾಲದು.

ಆರು ವಾರದ ಮೇಲೆ ಅಪೀಲ್ ಬಂತು. ಅವರಿಗೆ ಚಿಕ್ಕಂದಿನಿಂದ ಉಗ್ಗು ಇತ್ತು.

ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡಿಂಗ್ ಮತ್ತೆ ಕೇಳಿದೆ. ಪಾರ್ಟ್ ತ್ರೀಯಲ್ಲಿ ಅವರು 'ಗ್ರ್ಯಾಂಡ್‌ಮದರ್' ಅಂತ ಎರಡು ಸಲ ಸಲೀಸಾಗಿ ಹೇಳಿದ್ದಾರೆ! ಪದ ಗೊತ್ತಿತ್ತು, ಆ ಕ್ಷಣದಲ್ಲಿ ಹೊರಗೆ ಬರಲಿಲ್ಲ, ಅಷ್ಟೆ. ಉಗ್ಗುವವರು ಕಷ್ಟದ ಶಬ್ದ ಎದುರಾದರೆ ಬೇರೆ ಪದಕ್ಕೆ ಹೊರಳುವುದು ಮಾಮೂಲು. ಅದಕ್ಕೆ ಭಾಷೆಯ ಮೇಲೆ ಹಿಡಿತ ಬೇಕು. ನಾನು ಅದಕ್ಕೇ ಅಂಕ ಕಳೆದಿದ್ದೆ. ನಡುವೆ ಬಾಯಿ ಹಾಕಿದರೆ, ಅವಸರ ಮಾಡಿದರೆ ತೊಡಕು ಹೆಚ್ಚುತ್ತದೆ. ಅದನ್ನೂ ಮಾಡಿದ್ದೆ.

ಮೀಟಿಂಗ್‌ನಲ್ಲಿ ಮ್ಯಾನೇಜರ್ ಡ್ಯಾಶ್‌ಬೋರ್ಡ್ ತೋರಿಸಿದರು. ಎರಡನೇ ಸಲ ಅಂಕ ಕೊಡುವ ಸೆಕೆಂಡ್ ರೇಟರ್ ನನ್ನ ಅಂಕ ನೋಡದೆ, ಬರೀ ಆಡಿಯೊ ಕೇಳಿ, ಅದೇ ಐದು ಕೊಟ್ಟಿದ್ದರು. ಇಬ್ಬರ ಅಂಕ ಹೊಂದುತ್ತದೆಯೇ ಅಂತ ತೋರಿಸುವ ಅಗ್ರಿಮೆಂಟ್ ಹಸಿರು. ಇಬ್ಬರೂ ಬೇರೆ ಬೇರೆಯಾಗಿ ಒಂದೇ ಅಂಕ ಕೊಟ್ಟ ಮೇಲೆ ತಪ್ಪು ಎಲ್ಲಿದೆ ಅಂತ ಕೇಳಿದರು. ನನಗೆ ತಕ್ಷಣ ಉತ್ತರ ಬರಲಿಲ್ಲ. ಅಪೀಲ್ ಓದಿದ ರಾತ್ರಿ ನಾನೂ ಅದೇ ಮಾತು ಹೇಳಿಕೊಂಡು ಸಮಾಧಾನ ಪಟ್ಟಿದ್ದೆ, ಅಲ್ವಾ?

ಆದರೆ ನಾವಿಬ್ಬರೂ ಕ್ಯಾಲಿಬ್ರೇಟ್ ಆಗಿದ್ದು, ಅಂದರೆ ಅಂಕ ಕೊಡುವ ಅಳತೆ ಕಲಿತಿದ್ದು, ಅದೇ ಸ್ಯಾಂಪಲ್‌ಗಳ ಮೇಲೆ. ಅವುಗಳಲ್ಲಿ ಉಗ್ಗುವವರ ಒಂದು ದನಿಯೂ ಇಲ್ಲ. ವಯಸ್ಕರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಉಗ್ಗು ಇರುತ್ತದೆ, ಹಾಗಾಗಿ ಇದು ಎಲ್ಲೋ ಅಪರೂಪದ ಪ್ರಕರಣವಲ್ಲ. ಯಾವುದಕ್ಕೆ ಎಷ್ಟು ಅಂಕ ಅಂತ ಹೇಳುವ ನಮ್ಮ ಡಿಸ್ಕ್ರಿಪ್ಟರ್‌ನಲ್ಲಿ ತಡವರಿಕೆ ಎರಡೇ ಬಗೆ: ವಿಷಯ ಯೋಚಿಸುವುದು, ಇಲ್ಲವೇ ಪದ ಹುಡುಕುವುದು. ಮೂರನೆಯದಕ್ಕೆ ಜಾಗವೇ ಇಲ್ಲ. ಒಂದೇ ಸೊಟ್ಟ ಅಳತೆಗೋಲು ಹಿಡಿದ ಇಬ್ಬರಿಗೂ ಒಂದೇ ಅಳತೆ ಬಂದಿತ್ತು. ಅದನ್ನೇ ನಾವು ನ್ಯಾಯ ಅಂದುಕೊಂಡಿದ್ದೆವು.

ತರಬೇತಿಯಲ್ಲಿ ನಮಗೆ ಆಸ್ಟ್ರೇಲಿಯಾದ ಡಿಕ್ಟೇಶನ್ ಟೆಸ್ಟ್ ಕತೆ ಹೇಳುತ್ತಾರೆ. 1901ರ ವಲಸೆ ಕಾನೂನು. ಬೇಡದವರನ್ನು ತಡೆಯಲು ಅಧಿಕಾರಿ ಐವತ್ತು ಪದಗಳ ಒಂದು ಭಾಗವನ್ನು ಯುರೋಪಿನ ಯಾವ ಭಾಷೆಯಲ್ಲಾದರೂ ಬರೆಸಬಹುದಿತ್ತು. 1934ರಲ್ಲಿ ಎಗಾನ್ ಕಿಶ್ ಎಂಬ ಪತ್ರಕರ್ತರಿಗೆ ಹಲವು ಭಾಷೆ ಬರುತ್ತಿತ್ತು ಅಂತ ಬಹಳ ಕಡಿಮೆ ಜನ ಆಡುವ ಸ್ಕಾಟಿಷ್ ಗೇಲಿಕ್‌ನಲ್ಲಿ ಪರೀಕ್ಷೆ ಇಟ್ಟರು. 1958ರವರೆಗೂ ಆ ಪದ್ಧತಿ ಇತ್ತು. ಕತೆ ಕೇಳಿ ನಾವೆಲ್ಲ ಛೆ ಅಂದಿದ್ದೆವು. ಅಲ್ಲಿ ಕೆಟ್ಟ ಉದ್ದೇಶ ಇತ್ತು, ನಮ್ಮಲ್ಲಿ ಇರಲಿಲ್ಲ. ಆದರೆ ಆ ನರ್ಸ್ ಕೈಗೆ ಹೋದ ಕಾಗದದಲ್ಲಿ ನನ್ನ ಉದ್ದೇಶ ಬರೆದಿರಲಿಲ್ಲ, ಅಂಕ ಮಾತ್ರ ಇತ್ತು.

ಅಂಕ ಬದಲಾಗಲಿಲ್ಲ. ವಿಶೇಷ ವ್ಯವಸ್ಥೆಯನ್ನು ಮುಂಚೆಯೇ ಕೇಳಬೇಕಿತ್ತಂತೆ, ವೈದ್ಯರ ಸರ್ಟಿಫಿಕೇಟ್ ಸಮೇತ. ಫಾರ್ಮ್‌ನಲ್ಲಿ ಕಣ್ಣು, ಕಿವಿಗೆ ಬಾಕ್ಸ್ ಇದೆ. ಮಾತಿನ ಪರೀಕ್ಷೆಯ ಫಾರ್ಮ್‌ನಲ್ಲಿ ಮಾತಿನ ತೊಂದರೆ 'ಇತರೆ'ಯಲ್ಲಿ ಅಡಗಿದೆ. ಶುಲ್ಕವಿಲ್ಲದೆ ಇನ್ನೊಂದು ಟೆಸ್ಟ್ ಕೊಡುತ್ತೇವೆ ಅಂದರು. ಅಷ್ಟರಲ್ಲಿ ಅವರ ಕೆಲಸದ ಗಡುವು ಮುಗಿದಿತ್ತು.

ಈಗ ಯಾರಾದರೂ ಮಾತಿನ ನಡುವೆ ನಿಂತರೆ ನಾನು ಸುಮ್ನೆ ಕಾಯುತ್ತೇನೆ. ಸ್ಕ್ರಿಪ್ಟ್ ಅವಕಾಶ ಕೊಟ್ಟರೂ ಪ್ರಶ್ನೆಯನ್ನು ತಕ್ಷಣ ಮತ್ತೆ ಹೇಳುವುದಿಲ್ಲ. ಸೆಕೆಂಡ್ ರೇಟರ್‌ಗೆ 'ಇದು ಉಗ್ಗು ಇರಬಹುದು, ನೋಡಿ' ಅಂತ ತಿಳಿಸಲು ಟ್ಯಾಬ್ಲೆಟ್‌ನಲ್ಲಿ ಒಂದು ಸಾಲಿನ ಜಾಗವೂ ಇಲ್ಲ. ಬೇಕು ಅಂತ ಮೂರು ಸಲ ಬರೆದಿದ್ದೇನೆ, ಉತ್ತರ ಬಂದಿಲ್ಲ. ಹಾಗಾಗಿ ಪ್ರತಿ ಸಲವೂ ಸೂಪರ್‌ವೈಸರ್‌ಗೆ ಬೇರೆಯಾಗಿ ಮೇಲ್ ಹಾಕುತ್ತಿದ್ದೇನೆ. ಹೋದ ವಾರ ಎರಡು ಹಾಕಿದೆ.