ಎಲಿವೇಷನ್ ಕಲ್ಲು ಸ್ಕೂಟರ್ ಮೇಲೆ ಬಿತ್ತು

ಬೆಳಿಗ್ಗೆ ಆರಕ್ಕೆ ಮನೆ ಮಾಲೀಕರ ಫೋನ್. "ಇಂಜಿನಿಯರ್ರೇ, ನಿಮ್ಮ ಕಲ್ಲು ನನ್ನ ಸ್ಕೂಟರ್ ಮೇಲಿದೆ."

ಬೆಂಗಳೂರಿನಲ್ಲಿ ನಾನೇ ಮುಂದೆ ನಿಂತು ಕಟ್ಟಿಸಿದ ಮನೆ. ಅಜ್ಜನ ಕಾಲದ ಕಲ್ಲಿನ ಮನೆ ಥರ ಕಾಣಬೇಕು ಅನ್ನುವುದು ಅವರ ಆಸೆ. ಗೋಡೆ ಮಾತ್ರ ಆರಿಂಚಿನ ಸಾಲಿಡ್ ಬ್ಲಾಕ್. ಎಲಿವೇಷನ್‌ಗೆ, ಅಂದರೆ ಹೊರಗಿನ ಅಂದಕ್ಕೆ, ಅದರ ಮೇಲೆ ಗ್ರಾನೈಟ್ ಅಂಟಿಸಿದ್ದೆವು. ಎರಡಡಿ ಉದ್ದ, ಒಂದಡಿ ಅಗಲ, 20 ಎಂಎಂ ದಪ್ಪ. ನೋಡಲು ತೆಳ್ಳಗೆ, ತೂಕ ಹತ್ತು ಕೆಜಿ. ಬಿದ್ದದ್ದು ರಾತ್ರಿ, ಹಾಗಾಗಿ ಸೀಟು ಮಾತ್ರ ಹೋಯಿತು. ಸಂಜೆ ಅದೇ ಜಾಗದಲ್ಲಿ ಅವರ ಮಕ್ಕಳು ಆಡುತ್ತಿದ್ದರು.

ಏಣಿ ಹಾಕಿ ಸುತ್ತಿಗೆ ಹಿಡಿಯಿಂದ ಒಂದೊಂದೇ ಕಲ್ಲು ತಟ್ಟಿದೆ. ಅರ್ಧಕ್ಕರ್ಧ ಟೊಳ್ಳು ಸದ್ದು. ಬಿದ್ದ ಕಲ್ಲಿನ ಬೆನ್ನಿಗೆ ಐದೇ ಸಿಮೆಂಟ್ ಮುದ್ದೆ: ಮೂಲೆಗೊಂದು, ನಡುವೆ ಒಂದು. ಉಳಿದದ್ದೆಲ್ಲ ಖಾಲಿ. ಕಟಿಂಗ್ ಪುಡಿಯನ್ನೂ ತೊಳೆದಿರಲಿಲ್ಲ. ಪ್ಯಾರಾಪೆಟ್ ತಲೆಗೆ ಮುಚ್ಚುಗಲ್ಲು ಇಲ್ಲದೆ ಮಳೆನೀರು ಅಲ್ಲಿಂದಲೇ ಇಳಿದು ಕಲ್ಲಿನ ಹಿಂದೆ ಸೇರುತ್ತಿತ್ತು. ಸಾಲದ್ದಕ್ಕೆ ಅದು ಪಶ್ಚಿಮದ ಗೋಡೆ. ಕಪ್ಪು ಕಲ್ಲು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗಬೇಕು. ನಾವೋ ಸಂದೇ ಬಿಡದೆ ಒತ್ತೊತ್ತಾಗಿ ಕೂರಿಸಿದ್ದೆವು.

ಮೇಸ್ತ್ರಿಯನ್ನು ಬೈಯಬಹುದಿತ್ತು. ಆದರೆ ಮೊದಲ ಮಳೆಗಾಲದಲ್ಲೇ ಕಲ್ಲುಗಳ ಅಂಚಿಗೆ ಬಿಳಿ ಪುಡಿ ಬಂದಿತ್ತು. ಹಿಂದೆ ನೀರು ಓಡಾಡುತ್ತಿದ್ದರೆ ಸಿಮೆಂಟಿನ ಉಪ್ಪು ಹೀಗೆ ಹೊರಗೆ ಬರುತ್ತದೆ. ಅದು ನನಗೆ ಗೊತ್ತಿತ್ತು. "ಸುಮ್ನೆ ಆಸಿಡ್ ಹಾಕಿ ತೊಳೀರಿ" ಅಂದು ಬಿಟ್ಟಿದ್ದೆ.

ಮೇಲಿನ ಮಹಡಿಯ ಕಲ್ಲು ಪೂರ್ತಿ ತೆಗೆಸಿ ಗಾರೆ ಮಾಡಿಸಿದೆವು. ಕೆಳಗೆ ಆಳೆತ್ತರದವರೆಗೆ ಮಾತ್ರ ಕಲ್ಲು, ಬೆನ್ನಿನ ತುಂಬಾ ಅಂಟು ಬಳಿದು, ಸಂದು ಬಿಟ್ಟು. ಅರ್ಧ ಖರ್ಚು ನನ್ನ ಜೇಬಿನಿಂದ. ಕೆಲಸಕ್ಕೆ ಬಂದ ಹಳೇ ಮೇಸ್ತ್ರಿಯೊಬ್ಬರು ನಕ್ಕರು: "ನಮ್ಮಪ್ಪ ಸೈಜುಗಲ್ಲು ಕೂರಿಸ್ತಿದ್ರು ಸಾರ್. ನೀವು ಅಂಟಿಸ್ತೀರಿ."

ಒಂದು ವಸ್ತು ಇನ್ನೊಂದರ ಥರ ಕಾಣುವ ಇಂಥ ನಕಲು ಅಂದರೆ ಕಾಲೇಜಿನಲ್ಲಿ ನಮಗೆ ಸುಳ್ಳು, ಅಷ್ಟೇ. ಇದಾದ ಮೇಲೆ ಐಹೊಳೆಗೆ ಹೋಗಿದ್ದೆ. ಲಾಡ್ ಖಾನ್ ಗುಡಿಯ ಚಾವಣಿಗೆ ಇಳಿಜಾರಾಗಿ ಕಲ್ಲು ಚಪ್ಪಡಿ ಹಾಸಿದ್ದಾರೆ. ಎರಡು ಚಪ್ಪಡಿ ಸೇರುವ ಕಡೆ ಮರದ ದಿಮ್ಮಿಯ ಹಾಗೆ ಕಾಣುವ ಉದ್ದನೆಯ ಕಲ್ಲು. ಮರದ ನಕಲೇ ಅಲ್ವಾ? ಆದರೆ ಅದು ಸಂದಿನ ಮೇಲೆ ಕೂತು ಮಳೆನೀರು ಒಳಗೆ ಇಳಿಯದಂತೆ ತಡೆಯುತ್ತದೆ. ಚಾಲುಕ್ಯರ ಆ ಮೇಸ್ತ್ರಿಗಳು ಸಂದಿನ ಬಗ್ಗೆ ನನಗಿಂತ ಜಾಸ್ತಿ ಯೋಚಿಸಿದ್ದರು.

ಈಗ ಮರದಂಥ ಟೈಲ್ಸ್ ಬೇಕು ಅಂದರೂ ನಾನು ಬೇಡ ಅನ್ನುವುದಿಲ್ಲ. ಅದರ ಹಿಂದೆ ಹೋದ ನೀರು ಎಲ್ಲಿಂದ ಹೊರಗೆ ಬರುತ್ತೆ, ತೂಕ ಯಾವುದರ ಮೇಲಿದೆ ಅಂತ ಡ್ರಾಯಿಂಗಿನಲ್ಲೇ ಬರೆಸುತ್ತೇನೆ. ಗೋಡೆಯ ಹೊರಗೆ ಹೊದಿಸುವ ಎಸಿಪಿ ಶೀಟಾದರೆ ಅದರ ಎರಡು ಅಲ್ಯೂಮಿನಿಯಂ ಹಾಳೆಯ ನಡುವೆ ಏನಿದೆ ಅಂತ ಕೇಳುತ್ತೇನೆ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದಾಗ ಅದು ಗೋಡೆಯುದ್ದಕ್ಕೂ ಹಬ್ಬಿದ್ದು ಮುಖ್ಯವಾಗಿ ನಡುವೆ ಪ್ಲಾಸ್ಟಿಕ್ ಇದ್ದ ಇಂಥ ಶೀಟಿನಿಂದ. 72 ಜನ ಸತ್ತರು.

ಮೊನ್ನೆ ಹೊಸ ಸೈಟಿನಲ್ಲಿ ಇದನ್ನೆಲ್ಲ ಹತ್ತು ನಿಮಿಷ ವಿವರಿಸಿದೆ. ಮಾಲೀಕರು ಸಮಾಧಾನವಾಗಿ ಕೇಳಿಸಿಕೊಂಡು, ಮೊಬೈಲ್ ಮುಂದೆ ಹಿಡಿದರು. "ಅದೆಲ್ಲ ನೀವು ನೋಡ್ಕೊಳ್ಳಿ ಸಾರ್. ಈ ಕಲರ್ ಸಿಗುತ್ತಾ?"